ಮನಿಗೊಬ್ಬರು ಬಂದ್ರ ಆಯ್ತು

ನಗೋ ಫಜೀತಿ ವರ್ಷಕ್ಕ ಒಮ್ಮಿ ಆದ್ರ ಮಂದಿ ಮಜಾ ಅಂತಾರ, ದಿನಾ ಆದ್ರ ಅದಕ್ಕ ನೌಕರಿ ಅಂತಾರ. ನನಗ ಅಂಥದೊಂದು ನೌಕರಿ ಸಿಕ್ಕಿತ್ತು ನೋಡ್ರಿ.

ಅದಕ್ಕೂ ಮೊದಲ ಬೀದರ್ ಹಳೇ ಪ್ಯಾಟಿಯೊಳಗ ನಂದೊಂದು ಫೋಟೋ ಸ್ಟುಡಿಯೋ ಇತ್ತು. "ಅಲುಗಾಡಬ್ಯಾಡ್ರಿ, ಕಣ್ಣ ಮುಚ್ಚಬ್ಯಾಡ್ರಿ, ಸ್ವಲ್ಪ ನಗ್ರಿ" ಅಂತ ಮಂದಿಗಿ ಹೇಳಿ ಹೇಳಿ ನನ್ನ ಮುಖದ ನಗಿನೇ ಸವೆದು ಹೋಗಿತ್ತು. ಎಲ್ಲಾರ ಕೈಯಾಗ ಮೊಬೈಲ್ ಬಂದವು, ಸ್ಟುಡಿಯೋ ಬಂದ್ ಆತು. ಆಗ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಯೋಜನೆಗಿ ಸಹಾಯಕ ಬೇಕಾಗ್ಯಾನ ಅಂತ ಸುದ್ದಿ ಬಂತು. ಹೋದೆ. ಒಂದೇ ಪ್ರಶ್ನಿ ಕೇಳಿದ್ರು: "ಮಂದೀನ ಒಂದು ಕಡಿ ಸುಮ್ಮನ ಕೂಡಸಲಾಕ ಬರ್ತದೇನ್ರಿ?" ನಾ ಅಂದೆ, "ಜಿಂದಗಿ ಪೂರಾ ಅದೇ ಮಾಡೀನ್ರಿ."

ಯೋಜನೆ ನಡಿಸ್ಲಾಕತ್ತಿದ್ದು ಪಿಎಚ್‌ಡಿ ಮಾಡೋ ಒಬ್ಬ ಹುಡುಗಿ. ಬೀದರ್ ಓಣಿಯಾಗೇ ಹುಟ್ಟಿ ಬೆಳೆದಾಕಿ, ಮನಿಯಾಗ ದಖನಿ ಉರ್ದು, ನನ್ನ ಜೋಡಿ ಕನ್ನಡ, ತನ್ನ ಗೈಡ್ ಸರ್ ಜೋಡಿ ಇಂಗ್ಲಿಷು. ವಯಸ್ಸಿನಾಗ ನನಗಿಂತ ಭಾಳ ಸಣ್ಣಾಕಿ, ಆದ್ರೂ ನಾ ಮೇಡಂ ಅಂತಿದ್ದೆ, ಅವರು ನನಗ ಅಣ್ಣಾ ಅಂತಿದ್ರು.

ಮೇಡಂ ಹತ್ರ ಒಂದು ಕರೀ ಡಬ್ಬಿ ಇತ್ತು. ಕಣ್ಣಿಗಿ ಕಟ್ಟಿಕೊಳ್ಳೋದು. ಅದರೊಳಗ ಒಂದು ಮೊಬೈಲ್ ಕೂಡ್ಸಿರ್ತಾರ. ಕಟ್ಟಿಕೊಂಡ ಕೂಡ್ಲೇ ನೀವು ನಿಂತ ಖೋಲಿ ಮಾಯ ಆಗಿ ದೊಡ್ಡದೊಂದು ಗೋಡೌನ್ ಕಾಣ್ತದ. ತಿರುಗಿದ್ರ ಅದೂ ತಿರುಗತದ. ಮತ್ತ ಕಿವಿಯಾಗ ಒಂದು ಹೆಣ್ಣು ಧ್ವನಿ, ಸಾಲಿ ಪುಸ್ತಕದ ಕನ್ನಡದಾಗ, "ದಯವಿಟ್ಟು ಕೆಂಪು ಪೆಟ್ಟಿಗೆಯನ್ನು ಎತ್ತಿ ಮೇಲಿನ ಹಲಗೆಯ ಮೇಲೆ ಇಡಿ" ಅಂತ ಹೇಳ್ತದ. ಕೈಗಿ ಕಟ್ಟಿದ ಪಟ್ಟಿಯಿಂದ ನೀವು ಕೈ ಎತ್ತಿದ್ದು ಅದಕ್ಕ ತಿಳೀತದ. ತಪ್ಪಿದ್ರ ತಿದ್ದತದ, ಕೇಳಿದ್ರ ಉತ್ತರ ಕೊಡ್ತದ, ನೀವು ಕಲಿಯೋದು ನೋಡಿ ತಾನೂ ಕಲೀತದ.

ಅದು ಬರಗಾಲದ ವರ್ಷ. ಭಾಲ್ಕಿ, ಔರಾದ ಕಡಿ ಮಂದಿ ಗಂಟು ಮೂಟಿ ಕಟ್ಟಿಕೊಂಡು ಪುಣೆಕ್ಕ, ಹೈದರಾಬಾದಿಗಿ ಹೊಂಟಿದ್ರು. ಸಾಲಿ ಕಲೀದವರೂ ಈ ಡಬ್ಬಿಯಿಂದ ಗೋಡೌನ್ ಕೆಲಸ ಕಲಿತ್ರ, ಇಲ್ಲೇ ನಮ್ಮ ಕೊಳಾರ ಇಂಡಸ್ಟ್ರಿಯಲ್ ಏರಿಯಾದಾಗ ಏನಾರ ಸಿಗಬಹುದಲ್ಲ ಅನ್ನೋದು ಮೇಡಂ ವಿಚಾರ. ವಿಚಾರ ಚಲೋ ಇತ್ತು. ಷರತ್ತು ಮಾತ್ರ ಕಠಿಣ: ಒಬ್ಬ ಮನುಷ್ಯ ಮೂರು ಸಲ ಡಬ್ಬಿ ಕಟ್ಟಿಕೊಳ್ಳಬೇಕು, ನಡುವ ಕೆಲವು ವಾರ ಬಿಡಬೇಕು, ಪ್ರತಿ ಸಲ ಎಷ್ಟು ಸುಧಾರಿಸ್ಯಾನ ಅಂತ ನೋಡಬೇಕು. ಮೊದಲೇ ಮೇಡಂ ಎರಡು ಸಲ ಗಡುವು ಮುಂದೂಡಿಸಿಕೊಂಡಿದ್ರು. ಮಳಿಗಾಲ ಶುರು ಆಗೋದ್ರೊಳಗ ಎಲ್ಲಾರದೂ ಮೂರು ಸಲ ಮುಗೀಲಿಲ್ಲಂದ್ರ ನೋಂದಣಿ ರದ್ದು, ವರ್ಷಗಟ್ಟಲೆ ಮಾಡಿದ್ದೆಲ್ಲಾ ನೀರಾಗ ಹೋಮ. ಅದೂ ನೀರೇ ಇಲ್ಲದ ವರ್ಷದಾಗ.

ಸಲಾಂ

ಮೊದಲ ಬೀದರದಾಗೇ ಒಬ್ಬರ ಮ್ಯಾಲ ಪರೀಕ್ಷೆ ಮಾಡಿ ನೋಡೋಣು ಅಂತ ಮೇಡಂ ತಮ್ಮ ಓಣಿಯ ಒಬ್ಬ ಚಾಚಾನ್ನ ಕರೆಸಿದ್ರು. ಬಟ್ಟಿ ಅಂಗಡಿ ಇಟ್ಟವರು. ಇಸ್ತ್ರಿ ಮುರೀದ ಕುರ್ತಾ, ಹತ್ರ ಬಂದ್ರ ಅತ್ತರ್ ವಾಸನಿ. ಡಬ್ಬಿ ಕಟ್ಟಿದ್ವಿ. ಚಾಚಾ ಎದಿಗಿ ಕೈ ಹಚ್ಚಿ ಬಗ್ಗಿದವರು ಹಂಗೇ ನಿಂತ್ರು. ಡಬ್ಬಿ "ದಯವಿಟ್ಟು ಕೆಂಪು ಪೆಟ್ಟಿಗೆಯನ್ನು" ಅಂತ ಮ್ಯಾಲಿಂದ ಮ್ಯಾಲ ಹೇಳ್ಲಾಕತ್ತದ, ಚಾಚಾ ಮಿಸುಕಂಗಿಲ್ಲ.

"ಕ್ಯಾ ಹುವಾ ಚಾಚಾ?" ಅಂತ ಮೇಡಂ ಕೇಳಿದ್ರು.

ಚಾಚಾ ಸಣ್ಣ ದನಿಯಾಗ ಅಂದ್ರು, "ಇಲ್ಲಿ ಒಬ್ಬ ಸಾಹೇಬರು ನಿಂತಾರ ಬೇಟಿ. ಸಲಾಂ ಹೇಳೀನಿ, ಜವಾಬು ಬಂದಿಲ್ಲ."

ಖರೇನೇ ಇತ್ತು. ಗೋಡೌನ್ ಖಾಲಿ ಕಾಣಬಾರದಂತ ಡಬ್ಬಿಯೊಳಗ ಒಬ್ಬ ಸೂಪರ್‌ವೈಜರ್ ಬೊಂಬಿ ಕೈ ಕಟ್ಟಿ ನಿಲ್ಲಿಸಿದ್ರು.

"ಅದು ಬೊಂಬಿ ಚಾಚಾ, ಮನುಷ್ಯಾ ಅಲ್ಲ."

"ಬೊಂಬಿ ಅಂತ ನನಗ ಗೊತ್ತದ. ಸಲಾಂ ಅಂತ ಅದಕ್ಕ ಗೊತ್ತಾಗಬೇಕಲ್ಲ." ಚಾಚಾ ಡಬ್ಬಿ ಬಿಚ್ಚಿ ನನ್ನ ಕೈಯಾಗ ಇಟ್ರು. "ಸಲಾಂಗಿ ಜವಾಬು ಕೊಡದವನ ಕೈಕೆಳಗ ನಾನೂ ಕೆಲಸ ಮಾಡಂಗಿಲ್ಲ, ನನ್ನ ಮಂದೀನೂ ಮಾಡಂಗಿಲ್ಲ." ಚಾ ಕುಡಿದು ಹೋಗಿಬಿಟ್ರು.

ಗೈಡ್ ಸರ್ ಫೋನಿನಾಗ ನಕ್ಕು, ಇದೆಲ್ಲಾ ಬಿಟ್ಟುಬಿಡಿ, ಮುಖ್ಯವಲ್ಲ ಅಂದ್ರಂತ. ಆದ್ರ ಮೇಡಂ ಬಿಡ್ಲಿಲ್ಲ. ಒಂದು ವಾರ ಕಂಪ್ಯೂಟರಿಗಿ ಅಂಟಿಕೊಂಡು ಕೂತು, ಎದುರಿಗಿದ್ದವರು ಬಗ್ಗಿದ್ರ ಆ ಬೊಂಬಿನೂ ಬಗ್ಗಿ ಕೈ ಎತ್ತೋ ಹಂಗ ಮಾಡಿದ್ರು. ನಾ ಬ್ಯಾಸರದಿಂದ ಕೇಳ್ದೆ, "ಒಬ್ಬ ಮನುಷ್ಯನ ಸಲುವಾಗಿ ಇಷ್ಟ್ಯಾಕ್ರಿ ಮೇಡಂ?" ಅವರು ತಲಿ ಎತ್ತಲಾರದೇ ಅಂದ್ರು, "ನಮ್ಮ ಮಂದಿ ಊರು ಬಿಟ್ಟು ಹೋದಲ್ಲಿ ಅವರ ಸಲಾಂ ಯಾರು ತಗೋತಾರಣ್ಣಾ? ಇಲ್ಲ್ಯಾದ್ರೂ ಸಿಗಲಿ."

ಚಾಚಾನ್ನ ಮತ್ತ ಕರೆಸಿದ್ವಿ. ಬಗ್ಗಿದ್ರು. ಬೊಂಬಿನೂ ಬಗ್ಗಿತು. ಖುಷಿ ಆದ್ರು ನೋಡ್ರಿ, ಎಲ್ಲಾ ಪೆಟ್ಟಿಗಿ ಒಂದೂ ತಪ್ಪಲಾರದೇ ಜೋಡಿಸಿದ್ರು. ಡಬ್ಬಿ ಬಿಚ್ಚಿದ ಮ್ಯಾಲ ಹ್ಯಾಂಗಿತ್ತು ಚಾಚಾ ಅಂದ್ರ, "ಭಾಳ ಚಲೋ ಆತು ಬೇಟಿ. ಈಗ ಆ ಸಾಹೇಬಗ ಒಂದು ಕುರ್ಚಿ ಹಾಕಿಸಿ ಕೊಡು. ಪಾಪ, ಹೋದ ವಾರದಿಂದ ನಿಂತೇ ಅದಾನ" ಅಂದ್ರು.

ಎಡಕ್ಕ, ಬಲಕ್ಕ

ಭಾಲ್ಕಿ ಹತ್ರದ ಒಂದು ಊರು. ಸಾಲಿಗಿ ಸೂಟಿ ಇತ್ತು, ಒಂದು ಖೋಲಿ ಕೊಟ್ಟಿದ್ರು. "ಒಬ್ಬೊಬ್ಬರೇ ಒಳಗ ಬರ್ರಿ" ಅಂತ ನಾ ಬಾಗಿಲದಾಗ ನಿಂತೆ. ನಮ್ಮ ಕಡಿ ಒಬ್ಬೊಬ್ಬರೇ ಬರೋದು ಅಂದ್ರೇನು ಅಂತ ಗೊತ್ತಿದ್ದೂ ಹಂಗ ಅಂದಿದ್ದು ನನ್ನ ಹುಚ್ಚುತನ.

ಮೊದಲ ಬಂದಾಕಿ ಒಂದು ಮನಿಯ ದೊಡ್ಡ ಸೊಸಿ. ಅಕಿ ಬೆನ್ನಿಗಿ ಅಕಿ ಅತ್ತಿ. ಅತ್ತಿ ಬೆನ್ನಿಗಿ ಸಣ್ಣ ಸೊಸಿ. ಅವರ ಹಿಂದ ಓಣಿಗಿ ಓಣಿನೇ. ನಾ ಅತ್ತಿಗಿ ಅಂದೆ, "ಅಮ್ಮಾ, ಹೊರಗ ಕೂಡ್ರಿ." ಆಯಮ್ಮ ನನ್ನ ಮ್ಯಾಲಿಂದ ಕೆಳಗ ನೋಡಿ, "ಸೊಸಿ ಕಣ್ಣ ಕಟ್ಟತೀರಿ, ನನ್ನನ್ನ ಹೊರಗ ಕೂಡ್ಸತೀರಿ. ಅಣ್ಣಾರ, ನಿಮ್ಮ ಮನಿಯಾಗೂ ಹಿಂಗೇ ಅದೇನು?" ಅಂದ್ಲು. ಮೇಡಂ ಕಣ್ಣಸನ್ನಿ ಮಾಡಿದ್ರು. ಎಲ್ಲಾರೂ ಒಳಗ ಬಂದ್ರು.

ದೊಡ್ಡ ಸೊಸಿ ಡಬ್ಬಿ ಕಟ್ಟಿಕೊಂಡ್ಲು. ಅಕಿ ಏನ್ ನೋಡ್ತಾಳೋ ಅದು ಮೇಡಂ ಲ್ಯಾಪ್‌ಟಾಪಿನ್ಯಾಗೂ ಕಾಣ್ತಿತ್ತು. ಅತ್ತಿ ಅದರ ಮುಂದ ಪಟ್ಟಾಗಿ ಕೂತ್ಲು. ಡಬ್ಬಿ ಸೊಸಿ ಕಿವಿಯಾಗ "ದಯವಿಟ್ಟು ಬಲಕ್ಕೆ ತಿರುಗಿ" ಅಂತು. ಲ್ಯಾಪ್‌ಟಾಪ್ ನೋಡ್ತಾ ಸೊಸಿಗಿ ಎದುರಾಗಿ ಕೂತ ಅತ್ತಿ, ತನ್ನ ಬಲ ಅಂದ್ರ ಸೊಸಿ ಎಡ ಅಂತ ಲೆಕ್ಕ ಹಾಕಿ, "ಎಡಕ್ಕ ಹೊಳ್ಳು, ಎಡಕ್ಕ, ಕೆಂಪಂದು ಎಡಕ್ಕ ಅದ" ಅಂದ್ಲು. ಸೊಸಿ ಎಡಕ್ಕ ಹೊಳ್ಳಿದ್ಲು. ಎಡಕ್ಕ ಬರೇ ಗ್ವಾಡಿ. ಡಬ್ಬಿ "ಕ್ಷಮಿಸಿ, ಇದು ಸರಿಯಾದ ದಿಕ್ಕಲ್ಲ" ಅಂತು. ಅತ್ತಿ "ಇನ್ನಾ ಎಡಕ್ಕ" ಅಂದ್ಲು. ಸೊಸಿ ಇನ್ನಾ ಎಡಕ್ಕ ಹೊಳ್ಳಿದ್ಲು. ಹಿಂಗ ಮುಕ್ಕಾಲು ಸುತ್ತು ಆತು, ಕೆಂಪು ಪೆಟ್ಟಿಗಿ ಎದುರಿಗಿ ಬಂತು. "ನೋಡು, ನಾ ಹೇಳಿದ್ದಿಲ್ಲ?" ಅಂತ ಅತ್ತಿ ಓಣಿ ಮಂದಿ ಕಡಿ ನೋಡಿದ್ಲು.

ಕಡೀ ತನಕ ಇದೇ ನಡೀತು. ಎಲ್ಲಾ ಮುಗಿದು ಅತ್ತಿ ಹೊರಗ ಹೋದ ಮ್ಯಾಲ ಮೇಡಂ ಸೊಸಿಗಿ ಮೆಲ್ಲಕ ಕೇಳಿದ್ರು: "ಅಕ್ಕಾ, ಮಷೀನ್ ಸರಿ ಹೇಳ್ತಿತ್ತು. ನೀವು ಅದರ ಮಾತು ಯಾಕ ಕೇಳ್ಲಿಲ್ಲ?"

ಆಕಿ ಸೆರಗು ಸರಿ ಮಾಡಿಕೊಂಡು ಅಂದ್ಲು, "ಮಷೀನ್ ಸಂಜಿಗಿ ನಿಮ್ಮ ಜೀಪಿನಾಗ ಹೋಗಿಬಿಡ್ತದ್ರಿ ಮೇಡಂ. ಅತ್ತಿ ನನ್ನ ಜೋಡಿ ಮನಿಗಿ ಬರ್ತಾಳ."

ಟ್ಯಾಂಕರ್

ಔರಾದ ಕಡಿ ಊರಿನಾಗ ಆ ವರ್ಷ ನೀರಿನ ಟ್ಯಾಂಕರ್ ಯಾವಾಗ ಬರ್ತದ ಅನ್ನೋದು ಯಾರ ಕೈಯಾಗೂ ಇದ್ದಿಲ್ಲ. ಹಾರ್ನ್ ಕೇಳ್ತು ಅಂದ್ರ ಓಡಬೇಕು. ನಾವು ಅದನ್ನ ಲೆಕ್ಕಕ್ಕ ಹಿಡಿದಿದ್ದಿಲ್ಲ.

ಒಬ್ಬ ಅಕ್ಕ ಡಬ್ಬಿ ಕಟ್ಟಿಕೊಂಡು ಚಂದಾಗಿ ಪೆಟ್ಟಿಗಿ ಜೋಡಿಸ್ಲಾಕತ್ತಿದ್ಲು. ಹಾರ್ನ್ ಆತು. ಡಬ್ಬಿ ಬಿಚ್ಚಲಾಕ ಪಟ್ಟಿ ಹುಡುಕಬೇಕು, ಅಷ್ಟು ಪುರಸೊತ್ತು ಎಲ್ಲಿ? ಅದನ್ನ ಹಣಿ ಮ್ಯಾಲ ಎತ್ತಿಕೊಂಡು ಓಡಿದ್ಲು. ಮನಿಗಿ ಹೋಗಿ ಕೊಡ ತಂದ್ಲು, ಪಾಳಿಯೊಳಗ ನಿಂತ್ಲು. ಹಿಂದ ನಾ ಓಡಿದೆ, "ಅಕ್ಕಾ ಡಬ್ಬಿ, ಅಕ್ಕಾ ಡಬ್ಬಿ" ಅಂತ. ಮಂದಿ ನನ್ನ ಕಡಿ ನೋಡಿದ್ರೇ ವಿನಾ ಡಬ್ಬಿ ಕಡಿ ನೋಡ್ಲಿಲ್ಲ. ನೀರಿನ ಪಾಳಿಯಾಗ ನಿಂತವರಿಗಿ ಪಕ್ಕದಾಕಿ ಹಣಿ ಮ್ಯಾಲ ಏನದ ಅಂತ ನೋಡ್ಲಾಕ ಬಿಡುವು ಇರಂಗಿಲ್ಲ, ಅಕಿ ತಮ್ಮ ಮುಂದ ನುಗ್ಗಿಲ್ಲ ಅನ್ನೋದಷ್ಟೇ ನೋಡ್ತಾರ.

ಡಬ್ಬಿ ಬಂದ್ ಆಗಿದ್ದಿಲ್ಲ. ಅಕಿ ಹಣಿ ಮ್ಯಾಲಿಂದ ಅದರ ಧ್ವನಿ ಹೊರಗ ಕೇಳ್ತಿತ್ತು. "ದಯವಿಟ್ಟು ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ." ಅಕಿ ಕೊಡ ಎತ್ತಿದ್ಲು. "ದಯವಿಟ್ಟು ಎಚ್ಚರಿಕೆಯಿಂದ ನಡೆಯಿರಿ." ನಡೆದ್ಲು. "ದಯವಿಟ್ಟು ಪೆಟ್ಟಿಗೆಯನ್ನು ಕೆಳಗೆ ಇಡಿ." ಮನಿ ಕಟ್ಟಿ ಮ್ಯಾಲ ಇಟ್ಲು. ಮತ್ತ ಬಂದ್ಲು, ಮತ್ತ ಎತ್ತಿದ್ಲು. ಕೈಪಟ್ಟಿ ಎಲ್ಲಾ ಡಬ್ಬಿಗಿ ತಿಳಿಸ್ಲಾಕತ್ತಿತ್ತು. ಡಬ್ಬಿಗೇನು ಗೊತ್ತು, ಅದರ ಲೆಕ್ಕದಾಗ ಇದೆಲ್ಲಾ ಗೋಡೌನೇ.

ಟ್ಯಾಂಕರ್ ಖಾಲಿ ಆದ ಮ್ಯಾಲ ಅಕಿ ಬೆವರು ಒರೆಸಿಕೊಂಡು ಸಾಲಿಗಿ ವಾಪಸ್ ಬಂದ್ಲು, ಡಬ್ಬಿ ಕಣ್ಣಿಗಿ ಇಳಿಸಿಕೊಂಡು, "ಹಾಂ, ಎಲ್ಲಿಗಿ ಬಂದಿತ್ತು?" ಅಂತ ನಿಂತ್ಲು. ಡಬ್ಬಿ ಗಂಟಿ ಬಾರಿಸಿ ಅಂತು: "ಅಭಿನಂದನೆಗಳು. ನೀವು ಬಹಳ ಚೆನ್ನಾಗಿ ಕೆಲಸ ಮಾಡಿದ್ದೀರಿ. ಈಗ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ."

ಮೇಡಂ ತಲಿಗಿ ಕೈ ಹಚ್ಚಿಕೊಂಡು ಕೂತಿದ್ರು. ಇದನ್ನೆಲ್ಲಾ ಅಳಿಸಿ ಮೊದಲಿಂದ ಮಾಡಬೇಕಲ್ಲ. ಅಕ್ಕ ಡಬ್ಬಿ ಬಿಚ್ಚಿ, ಅದನ್ನ ತಿರುವಿ ಮುರುವಿ ನೋಡಿ ಅಂದ್ಲು, "ಮದುವಿ ಆದಾಗಿನಿಂದ ನೀರು ಹೊತ್ತೀನ್ರಿ. ಸಾಕು ಕೂಡು ಅಂದಿದ್ದು ಇದೇ ಮೊದಲ. ಇದನ್ನ ನಮ್ಮ ಮನಿಯವರ ತಲಿಗಿ ಕಟ್ಟಲಾಕ ಬರಂಗಿಲ್ಲೇನು?"

ಮನಿಗೊಬ್ಬರು

ಮೊದಲನೇ ಸಲ ಹೋದಾಗ ಜೀಪಿನ ಸುತ್ತ ಮಂದಿ. ಎರಡನೇ ಸಲಕ್ಕ ಅರ್ಧ. ಮೂರನೇ ಸಲ ಹೋದಾಗ ನಾಯಿ ಸುದ್ದಾ ಎದ್ದು ನೋಡ್ಲಿಲ್ಲ. ಮನಿ ಮನಿಗಿ ಒಬ್ಬರಿಬ್ಬರು ಉಳಿದು, ದುಡಿಯೋ ಮಂದಿ ಎಲ್ಲಾ ಬಸ್ ಹತ್ತಿದ್ರು. ಮೇಡಂ ಹೆಸರು ಓದ್ತಿದ್ರು, ನಾ ಫೋನ್ ಹಚ್ಚತಿದ್ದೆ. "ಎಲ್ಲಿದ್ದೀರಿ?" "ಪುಣೆದಾಗ ಇದ್ದೀವ್ರಿ." "ಯಾವಾಗ ಬರ್ತೀರಿ?" "ಮಳಿ ಬಂದ್ರ ಬರ್ತೇವ್ರಿ." ನಮಗ ಮಳಿ ಬರೋದ್ರೊಳಗ ಅವರು ಬೇಕು, ಅವರು ಮಳಿ ಬಂದ್ರ ಬರ್ತಾರ. ನನಗ ಸಿಟ್ಟು ಬರ್ತಿತ್ತು, ಆದ್ರ ಯಾರ ಮ್ಯಾಲ ಅಂತ ಸಿಟ್ಟು ಮಾಡೋದು?

ಭಾಲ್ಕಿ ಕಡಿ ಆ ಊರಿಗಿ ಹೋದ್ವಿ. ಸಾಲಿ ಖೋಲಿ ಮುಂದ ಅದೇ ಅತ್ತಿ ಕೂತಿದ್ಲು. ಬಾಜೂಕ ಸಣ್ಣ ಸೊಸಿ.

"ದೊಡ್ಡಾಕಿ ಎಲ್ಲಿ?" ಅಂದೆ.

"ಗಂಡನ ಜೋಡಿ ಪುಣೆಕ್ಕ ಹೋಗ್ಯಾಳ. ಅದಕ್ಕೇ ಈಕಿ ಬಂದಾಳಲ್ಲ."

"ಈಕಿ ಯಾಕ ಬಂದಾಳ?"

ಅತ್ತಿ ನನ್ನನ್ನ ಊರ ರೀತಿ ಗೊತ್ತಿಲ್ಲದವನನ್ನ ನೋಡಿದಂಗ ನೋಡಿದ್ಲು. "ಮದುವಿ ಇರ್ಲಿ, ಮಣ್ಣು ಕೊಡೋದು ಇರ್ಲಿ, ಪಂಚಾಯ್ತಿ ಇರ್ಲಿ, ಮನಿಗೊಬ್ಬರು ಬಂದ್ರ ಆಯ್ತು. ಯಾರು ಬಂದ್ರಿ ಅಂತ ಯಾರರ ಕೇಳ್ತಾರೇನು? ನಮ್ಮ ಮನಿಯವರು ಬಂದಿದ್ರು ಅಂತಾರಷ್ಟೇ. ಮೇಡಂಗ ದೊಡ್ಡಾಕಿ ಮಾತು ಕೊಟ್ಟಾಳ. ಮಾತು ಮನೀದು."

ನನಗ ನನ್ನ ಸ್ಟುಡಿಯೋ ನೆನಪಾತು. ಒಮ್ಮಿ ಅಣ್ಣನ ಪಾಸ್‌ಪೋರ್ಟ್ ಫೋಟೋಕ್ಕ ತಮ್ಮ ಬಂದು ಕೂತಿದ್ದ. "ಅಣ್ಣ ಹೈದರಾಬಾದಿನಾಗ ಇದ್ದಾನ್ರಿ, ನಾ ಬಂದೀನಲ್ಲ" ಅಂದ. "ಫೋಟೋಕ್ಕ ಮುಖ ಬೇಕಪ್ಪಾ, ಮನಿತನ ಅಲ್ಲ" ಅಂತ ಎಬ್ಬಿಸಿ ಕಳಿಸಿದ್ದೆ. ಅದನ್ನ ಹೇಳಿದೆ. ಅತ್ತಿ, "ಅದಕ್ಕೇ ನಿಮ್ಮ ಅಂಗಡಿ ನಡೀಲಿಲ್ಲ" ಅಂದ್ಲು.

ಮೇಡಂ ಮುಖ ಸಣ್ಣದಾಗಿತ್ತು. ದೂರದಿಂದ ಬಂದೀವಿ, ಹೋಗ್ಲಿ, ಈಕಿಗೇ ಕಟ್ಟಣ್ಣಾ ಅಂದ್ರು. ಕಟ್ಟಿದೆ. ಡಬ್ಬಿ ಮೊದಲ ಹೆಸರು ಕೇಳಿ ಧ್ವನಿ ಗುರುತು ಹಿಡೀತಿತ್ತು. ಸಣ್ಣಾಕಿ ತನ್ನ ನೆಗೆಣ್ಣಿ ದೊಡ್ಡಾಕಿ ಹೆಸರು ಹೇಳಿದ್ಲು.

"ಕ್ಷಮಿಸಿ, ನಿಮ್ಮ ಧ್ವನಿ ಹೊಂದಿಕೆಯಾಗುತ್ತಿಲ್ಲ. ನೀವು ಅವರಲ್ಲ" ಅಂತು ಡಬ್ಬಿ.

"ಅಕಿ ಅಲ್ಲ, ಅಕಿ ನೆಗೆಣ್ಣಿ. ಇಬ್ಬರೂ ಒಂದೇ ಒಲಿ ಮ್ಯಾಲ ಅಡಗಿ ಮಾಡ್ತೇವಿ, ಸಾಕಾಗಂಗಿಲ್ಲೇನು?" ಅಂದ್ಲು ಸಣ್ಣಾಕಿ.

"ದಯವಿಟ್ಟು ನೋಂದಾಯಿತ ವ್ಯಕ್ತಿಯನ್ನು ಕರೆಯಿರಿ."

ಅತ್ತಿ ಎದ್ದು ಡಬ್ಬಿ ಹತ್ರ ಬಾಯಿ ಒಯ್ದು, ಕಿವುಡರಿಗಿ ಹೇಳಿದಂಗ ಹೇಳಿದ್ಲು: "ಕರಿಲಾಕ ನಾವೇನ್ ಒಲ್ಲೆ ಅಂತೀವೇನು? ಪುಣೆಕ್ಕ ಜೀಪ್ ಕಳಿಸು, ಬರ್ತಾಳ."

ಬುಟ್ಟಿ

ಮೇಡಂ ಧ್ವನಿ ಗುರುತಿನ ಕೆಲಸ ಬಂದ್ ಮಾಡಿದ್ರು. ಸಣ್ಣಾಕಿ ಶುರು ಮಾಡಿದ್ಲು.

ಈಗ ಒಂದು ಮಾತು ಹೇಳಬೇಕು. ಡಬ್ಬಿ ಮೊದಲನೇ ಸಲ ಕಟ್ಟಿಕೊಂಡವರು ಎಲ್ಲಾರೂ ತಡವರಿಸ್ತಾರ. ಕೈ ಎಲ್ಲಿಗೋ ಹೋಗ್ತದ, ಕಾಲು ಎಲ್ಲಿಗೋ. ಗೈಡ್ ಸರ್ ಸುದ್ದಾ ಗ್ವಾಡಿಗಿ ಹಣಿ ಹೊಡಕೊಂಡಿದ್ರಂತ. ಈ ಸಣ್ಣಾಕಿ ಡಬ್ಬಿ ಮುಟ್ಟಿದ್ದೇ ಅವತ್ತು ಮೊದಲ. ಆದ್ರ ಎಡಕ್ಕ ಅಂದ್ರ ಎಡಕ್ಕ, ಬಲಕ್ಕ ಅಂದ್ರ ಬಲಕ್ಕ. ಕೆಂಪು ಮ್ಯಾಲ, ಹಸಿರು ಕೆಳಗ. ಬೊಂಬಿ ಸಾಹೇಬಗ ಬಗ್ಗಿ ನಮಸ್ಕಾರ ಬ್ಯಾರೆ. ದೊಡ್ಡಾಕಿ ಎರಡನೇ ಸಲ ಎಲ್ಲಿಗಿ ಬಿಟ್ಟಿದ್ಲೋ ಅಲ್ಲಿಂದ ಈಕಿ ಎತ್ತಿಕೊಂಡಂಗಿತ್ತು. ಮೇಡಂ ಲ್ಯಾಪ್‌ಟಾಪಿನ ಕಡಿ ಒಮ್ಮಿ, ಆಕಿ ಕಡಿ ಒಮ್ಮಿ ನೋಡಿದ್ರು.

"ನಿಮಗ ಇದು ಯಾರು ಕಲಿಸಿದ್ರು?"

ಸಣ್ಣಾಕಿ ನಾಚಿ ಅತ್ತಿ ಕಡಿ ನೋಡಿದ್ಲು. ಅತ್ತಿ ಎದ್ದು, "ಬರ್ರಿ, ಮನಿಗಿ ಬರ್ರಿ" ಅಂದ್ಲು.

ಹೋದ್ವಿ. ಪಡಸಾಲಿಯೊಳಗ ಗ್ವಾಡಿಗಿ ಹಲಿಗಿ. ಒಂದು ಮೂಲಿಗಿ ಹಿಟ್ಟಿನ ಡಬ್ಬಿ, ಚೀಲ, ಬೋಗುಣಿ ಸಾಲಾಗಿ ಇಟ್ಟಿದ್ವು. ಅತ್ತಿ ಗೂಟಕ್ಕ ತೂಗು ಹಾಕಿದ್ದ ರೊಟ್ಟಿ ಬುಟ್ಟಿ ತಗೊಂಡು ಸಣ್ಣಾಕಿ ತಲಿ ಮ್ಯಾಲ ಬೋರಲು ಹಾಕಿದ್ಲು. ಕಣ್ಣ ಮುಚ್ಚಿತು. "ಹಿಂಗ್ರಿ. ದೊಡ್ಡಾಕಿ ಊರು ಬಿಡೋ ಮೊದಲ ದಿನಾ ಇದೇ. ಈಕಿ ತಲಿಗಿ ಬುಟ್ಟಿ ಹಾಕೋದು, ಅಕಿ ನಿಮ್ಮ ಮಷೀನಿನ ಹಂಗ ಹೇಳೋದು. ಮೇಡಂ ಬರ್ತಾರ, ನಾ ಇರಂಗಿಲ್ಲ, ಅವರ ಕೆಲಸ ನಿಂದ್ರಬಾರದು ಅಂತ ಒಂದೇ ಹಟ. ಸೀರಿ ಗಂಟು ಕಟ್ಟೋದು ಬಿಟ್ಟು ಇದನ್ನ ಕಲಿಸಿ ಹೋದ್ಲು."

ಮೇಡಂ ಆ ಬುಟ್ಟಿ ಕೈಯಾಗ ಹಿಡಕೊಂಡು ಪಡಸಾಲಿ ಕಟ್ಟಿ ಮ್ಯಾಲ ಕೂತ್ರು. ಕಣ್ಣಾಗ ನೀರು ಬಂದಿತ್ತು. ನಾ ಜೀಪ್ ನೋಡಿ ಬರ್ತೇನಿ ಅಂತ ಹೊರಗ ಹೋದೆ.

ಆಮ್ಯಾಲ ಊರೂರಿಗಿ ಹೋಗಿ ನೋಡಿದ್ವಿ. ಔರಾದ ಕಡಿ ಒಂದು ಮನಿಯಾಗ ಬುಟ್ಟಿ ಬದಲಿ ಕುಕ್ಕರ್ ಡಬ್ಬಿ, ಇನ್ನೊಂದು ಮನಿಯಾಗ ಬರೇ ಟವೆಲ್. ಆ ಟ್ಯಾಂಕರ್ ಅಕ್ಕ ತನ್ನ ಮೈದುನಗ ಕಲಿಸಿ ಹೋಗಿದ್ಲು. ಎಲ್ಲಾ ಮನಿಯವರೂ ಹಂಗ ಮಾಡಿದ್ರು ಅಂತ ಅಲ್ಲ, ಕೆಲವು ಮನಿಗಿ ಬೀಗನೇ ಬಿದ್ದಿತ್ತು. ಆದ್ರ ಬಾಗಿಲು ತೆರೆದಿದ್ದ ಮನಿಯಿಂದ ಒಬ್ಬರು ಬಂದೇ ಬಂದ್ರು, ಬಂದವರು ಕಲಿತೇ ಬಂದಿದ್ರು. ಮೇಡಂ ಯಾವ ಸಲ ಯಾರು ಕೂತ್ರು ಅಂತ ಇದ್ದದ್ದು ಇದ್ದಂಗ ಬರಕೊಂಡ್ರು. ಡಬ್ಬಿ ಒಬ್ಬ ಮನುಷ್ಯಗ ಎಷ್ಟು ಕಲಿಸ್ತದ ಅನ್ನೋ ಪ್ರಶ್ನಿ ಬಿಟ್ಟು, ಒಬ್ಬರಿಗಿ ಕಲಿಸಿದ್ದು ಮನಿಗಿ ಹ್ಯಾಂಗ ಮುಟ್ಟತದ ಅನ್ನೋ ಪ್ರಶ್ನಿ ಹಿಡಿದ್ರು. ಗೈಡ್ ಸರ್ ಮೊದಲ ಒಲ್ಲೆ ಅಂದ್ರು, ಆಮ್ಯಾಲ ಬುಟ್ಟಿ ಫೋಟೋ ನೋಡಿ ಆಗ್ಲಿ ಅಂದ್ರು. ಆ ಫೋಟೋ ನಾನೇ ತಗದಿದ್ದು.

ಅವತ್ತು ಹೊಂಡೋ ಮುಂದ ಅತ್ತಿ ನನ್ನ ಬಾಜೂಕ ಕರೆದು ಒಂದು ತಕರಾರು ಹೇಳಿದ್ಲು: "ಎಲ್ಲಾ ಚಲೋ ಆತ್ರಿ. ಒಂದೇ ತ್ರಾಸ. ಸಣ್ಣಾಕಿಗಿ ಈಗ ನೀರು ತಾ ಅಂದ್ರ ಬರಂಗಿಲ್ಲ. ದಯವಿಟ್ಟು ತಂಬಿಗೆಯನ್ನು ಎತ್ತಿ ಅನ್ನಬೇಕಂತ."

ಪರೀಕ್ಷಕರು

ಥೀಸಿಸ್ ಬರೆದು ಕೊಟ್ಟಾತು. ಹೊರಗಿನ ವಿಶ್ವವಿದ್ಯಾಲಯದ ಒಬ್ಬ ದೊಡ್ಡ ಪ್ರೊಫೆಸರ್ ಪರೀಕ್ಷಕರು. ಅವರು ಎಲ್ಲಾ ಓದಿ ಒಂದೇ ಮಾತು ಹಿಡಿದ್ರು: ಒಬ್ಬರ ಬದಲಿ ಇನ್ನೊಬ್ಬರು ಕೂತಿದ್ದನ್ನ ಹ್ಯಾಂಗ ಒಪ್ಪೋದು, ಇದಕ್ಕ ವೈವಾದಾಗ ಉತ್ತರ ಸಮಾಧಾನ ಆಗ್ಲಿಲ್ಲಂದ್ರ ಪದವಿ ಇಲ್ಲ. ಮೇಡಂ ಊಟ ಬಿಟ್ರು. ಇಷ್ಟೆಲ್ಲಾ ದಾಟಿ ಬಂದು ದಂಡಿಗಿ ಮುಳುಗತೀವೇನೋ ಅಂತ ನನಗೂ ಅಂಜಿಕಿ.

ಅದೇ ದಿನಗಳಾಗ ಪುಣೆದಿಂದ ದೊಡ್ಡ ಸೊಸಿ ಫೋನ್ ಬಂತು. "ಅಣ್ಣಾರ, ನನ್ನ ಮೂರನೇದು ಹ್ಯಾಂಗಾತ್ರಿ?"

"ನಿಂದಲ್ಲವ್ವಾ, ನಿನ್ನ ನೆಗೆಣ್ಣೀದು."

"ಹೌದ್ರಿ, ಅದೇ. ನಂದು ಹ್ಯಾಂಗಾತು?"

"ಒಂದೂ ತಪ್ಪಿಲ್ಲ" ಅಂದೆ. ಆ ಕಡಿಯಿಂದ ಸಿಮೆಂಟ್ ಕಲಸೋ ಮಷೀನಿನ ಗದ್ದಲದಾಗ ಅಕಿ ನಕ್ಕಿದ್ದು ಕೇಳ್ತು. ಪರೀಕ್ಷಕರ ತಕರಾರು ಅಕಿಗಿ ನಾ ಹೇಳ್ಲಿಲ್ಲ.

ವೈವಾ ಯಾರು ಬೇಕಾದ್ರೂ ಬಂದು ಕೇಳಬಹುದು ಅಂತ ಮೇಡಂ ಹೇಳಿದ್ದಕ್ಕ, ಅತ್ತಿ ಸಣ್ಣ ಸೊಸೀನ ಕರಕೊಂಡು ಭಾಲ್ಕಿ ಬಸ್ಸಿಗಿ ಬಂದುಬಿಟ್ಟಿದ್ಲು. ಹಿಂದಿನ ಸಾಲಿನಾಗ ನನ್ನ ಬಾಜೂಕ ಕೂತ್ರು. ಚಾಚಾನೂ ಬಂದಿದ್ರು, ಇಸ್ತ್ರಿ ಮುರೀದ ಕುರ್ತಾದಾಗ.

ವಿಭಾಗದ ಮುಖ್ಯಸ್ಥರು ಎದ್ದು ಗಂಟಲು ಸರಿ ಮಾಡಿಕೊಂಡ್ರು. ದೊಡ್ಡ ಪ್ರೊಫೆಸರಿಗಿ ತುರ್ತು ಕೆಲಸ ಬಂದದ, ಅವರು ಬಂದಿಲ್ಲ. ನಿಯಮದ ಪ್ರಕಾರ ಅವರ ಬದಲಿಗಿ ಅದೇ ವಿಭಾಗದ ಇನ್ನೊಬ್ಬ ಪ್ರೊಫೆಸರ್ ಬಂದಾರ, ಪ್ರಶ್ನಿ ಎಲ್ಲಾ ದೊಡ್ಡವರೇ ಬರೆದು ಕೊಟ್ಟಾರ ಅಂದ್ರು. ಬಂದವರು ಕೂತು, ಕನ್ನಡಕ ಹಾಕ್ಕೊಂಡು, ಕಾಗದ ಬಿಚ್ಚಿ ಮೊದಲನೇ ಪ್ರಶ್ನಿ ಓದಿದ್ರು: "ಒಬ್ಬ ವ್ಯಕ್ತಿ ಬರಬೇಕಾದ ಕಡೆ ಅವರ ಬದಲಿಗೆ ಇನ್ನೊಬ್ಬರು ಬಂದರೆ, ಅದನ್ನು ನಾವು ಹೇಗೆ ಒಪ್ಪಿಕೊಳ್ಳಲು..."

ಅಲ್ಲಿಗಿ ನಿಂತ್ರು. ಕಾಗದ ನೋಡಿದ್ರು. ಮುಖ್ಯಸ್ಥರನ್ನ ನೋಡಿದ್ರು.

ಅತ್ತಿ ನನಗ ಕೇಳಿದ್ಲು. ಪಿಸುಮಾತು ಅಂತ ಅಕಿ ತಿಳ್ಕೊಂಡಿದ್ಲು, ಪೂರಾ ಹಾಲಿಗಿ ಕೇಳ್ತು: "ಇವರು ಯಾಕ ನಿಂತ್ರು? ಮುಂದ ಬರಂಗಿಲ್ಲೇನು?"

"ಇವರು ಅವರಲ್ಲಮ್ಮಾ. ಅವರ ಬದಲಿ ಬಂದಾರ" ಅಂದೆ.

"ಬರ್ಲಿ, ಅವರ ಕಡಿಯಿಂದ ಒಬ್ಬರು ಬಂದಾರಲ್ಲ. ಆದ್ರ ಕಲಿಸಿ ಕಳಿಸಬೇಕಿತ್ತಿಲ್ಲೋ? ಅವರ ಮನಿಯಾಗ ಬುಟ್ಟಿ ಇಲ್ಲೇನು?"

ಮೊದಲ ನಕ್ಕವರು ಮೇಡಂ. ಊಟ ಬಿಟ್ಟಾಗಿನಿಂದ ನಕ್ಕಿದ್ದು ಅವತ್ತೇ. ಪ್ರೊಫೆಸರ್ ಆ ಕಾಗದ ಮಡಚಿ ಕಿಸೆದಾಗ ಇಟ್ಟು, "ಯಾವ ಬುಟ್ಟಿ? ಮೊದಲು ಅದನ್ನು ಹೇಳಿ" ಅಂದ್ರು. ಮೇಡಂ ಹೇಳ್ಲಾಕ ಶುರು ಮಾಡಿದ್ರು ನೋಡ್ರಿ, ತಡೆಯೋರು ಇದ್ದಿಲ್ಲ. ಸಂಜಿಕಿನ್ನ ಮೊದಲ ಅವರು ಡಾಕ್ಟರ್ ಆಗಿದ್ರು.

ಹೊರಗ ಬಂದು ಎಲ್ಲಾರದೂ ಫೋಟೋ ಅಂದ್ರು. ನಾ ಹಳೇ ಕ್ಯಾಮೆರಾ ತಂದಿದ್ದೆ. ಮೇಡಂ ಬಾಜೂಕ ಸಣ್ಣ ಸೊಸಿ ನಿಂತ್ಲು, ಒಂದು ತಗದೆ. ಮುಗೀತು ಅಂದೆ. ಅತ್ತಿ, "ತಡೀರಿ, ಎಲ್ಲಿ ಮುಗೀತು?" ಅಂತ ಸಣ್ಣಾಕಿ ಭುಜ ಹಿಡಿದು ಮತ್ತ ಅಲ್ಲೇ ನಿಲ್ಲಿಸಿದ್ಲು. "ಅದು ಈಕೀದು. ಈಗ ದೊಡ್ಡಾಕೀದು ತಗೀರಿ."

ಫೋಟೋಕ್ಕ ಮುಖ ಬೇಕು, ಮನಿತನ ಅಲ್ಲ ಅಂತ ಬಾಯಿ ತುದಿಗಿ ಬಂದಿತ್ತು. ನುಂಗಿಕೊಂಡೆ. "ಅಲುಗಾಡಬ್ಯಾಡವ್ವಾ, ಸ್ವಲ್ಪ ನಗು" ಅಂದು ತಗದೆ. ಆ ಎರಡನೇ ಫೋಟೋ ಮೊಬೈಲಿಗಿ ಹಾಕ್ಕೊಂಡು ಪುಣೆಕ್ಕ ಕಳಿಸಿದೆ.

ಸ್ವಲ್ಪ ಹೊತ್ತಿಗಿ ದೊಡ್ಡಾಕಿ ಫೋನ್ ಬಂತು. "ಫೋಟೋ ಬಂತ್ರಿ ಅಣ್ಣಾರ. ಭಾಳ ಚಲೋ ಬಂದದ. ಆದ್ರ ನಾ ಸ್ವಲ್ಪ ದಪ್ಪ ಕಾಣ್ಲಾಕತ್ತೀನಿ."